ಬದುಕಿದ್ದವನ ಶ್ರದ್ಧಾಂಜಲಿ

ಗುರುವಾರ ಬೆಳಿಗ್ಗೆ ಠಾಣೆಯ ನೆಲ ಒರೆಸಿದ ನೀರು ಇನ್ನೂ ಆರಿರಲಿಲ್ಲ. ಗಂಡ ಹೆಂಡತಿ ಇಬ್ಬರು ಒಳಗೆ ಬಂದು ದಫೇದಾರರ ಮೇಜಿನ ಮುಂದೆ ನಿಂತರು.

"ಏನು ದೂರು?"

"ಕೇಬಲ್ ಟಿವೀಲಿ ಸುಳ್ಳು ಶ್ರದ್ಧಾಂಜಲಿ ಹಾಕಿದಾರೆ" ಎಂದಳು ಹೆಂಡತಿ.

"ಯಾರಿಗೆ?"

"ಇವ್ರಿಗೆ."

ದಫೇದಾರರು ಪೆನ್ನಿನ ಮುಚ್ಚಳ ತೆಗೆದವರು ಹಾಗೇ ತಲೆ ಎತ್ತಿದರು. "ಅಂದ್ರೆ ತೀರಿಹೋದವರು..."

"ನಾನೇ" ಎಂದ ಗಂಡ.

ಇಷ್ಟು ವರ್ಷದ ನೌಕರಿಯಲ್ಲಿ ದಫೇದಾರರು ಎಂತೆಂಥದೋ ದೂರು ಬರೆದುಕೊಂಡಿದ್ದರು. ಸತ್ತವನೇ ಎದುರು ನಿಂತು ತನ್ನ ಸಾವಿನ ಬಗ್ಗೆ ದೂರು ಹೇಳಿದ್ದು ಇದೇ ಮೊದಲು. ಪಕ್ಕದಲ್ಲಿದ್ದ ಪೇದೆ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿಕೊಂಡ. ಹೆಂಡತಿ ಅದನ್ನು ನೋಡಿದಳು.

"ನಗಿ ಸಾರ್. ನಮ್ಮ ಮಗಳು ಆಸ್ಪತ್ರೇಲಿ ತೊಡೆ ಮೂಳೆ ಮುರ್ಕೊಂಡು ಮಲಗಿದಾಳೆ."

ನಗು ಅಲ್ಲಿಗೆ ನಿಂತಿತು. ಒಳಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್ ಎದ್ದು ಬಂದು ತಾವೇ ಕುರ್ಚಿ ಎಳೆದು ಆ ಹೆಂಗಸನ್ನು ಕೂರಿಸಿದರು. ಗಂಡನಿಗೆ ಬಸ್ ನಿಲ್ದಾಣದ ಹತ್ತಿರ ಕನ್ನಡಕದ ಅಂಗಡಿ. ಮಗಳಿಗೆ ಹತ್ತು ವರ್ಷ. ವಾರಕ್ಕೆ ಎರಡು ದಿನ ಊರಿನ ಇನ್ನೊಂದು ಬದಿಯ ಹಳೆ ಬಡಾವಣೆಗೆ ಚಿತ್ರ ಕಲಿಯಲು ಹೋಗುತ್ತಾಳೆ. ಬುಧವಾರ ಸಂಜೆಯೂ ಹೋಗಿದ್ದಳು. ಚಿತ್ರದ ಮೇಸ್ಟ್ರ ಹಜಾರದಲ್ಲಿ ಟಿವಿ ಓಡುತ್ತಿತ್ತು. ಊರಿನ ಸ್ಥಳೀಯ ಚಾನೆಲ್‌ನಲ್ಲಿ ಇದ್ದಕ್ಕಿದ್ದಂತೆ ಕಪ್ಪು ಚೌಕಟ್ಟಿನೊಳಗೆ ಅವಳ ಅಪ್ಪನ ಮುಖ ಬಂತು. ಕೆಳಗೆ, 'ಅಕಾಲ ಮರಣ. ದೂರದ ಊರಿನಲ್ಲಿ ಅಂತ್ಯಕ್ರಿಯೆ ನೆರವೇರಿದೆ' ಎಂಬ ಸಾಲು. ಮಗು ಚಪ್ಪಲಿಯನ್ನೂ ಹಾಕಿಕೊಳ್ಳದೆ ಮನೆ ಕಡೆ ಓಡಿತು. ರಸ್ತೆ ದಾಟುವಾಗ ಸರಕಿನ ವ್ಯಾನು ಬಡಿಯಿತು.

ಇಷ್ಟನ್ನೂ ಹೇಳಿದ್ದು ಹೆಂಡತಿ. ಗಂಡ ಅಂಗಿಯ ಗುಂಡಿ ತಿರುವುತ್ತ ಕೂತಿದ್ದ.

"ನಿಮಗೆ ಯಾರ ಮೇಲಾದ್ರೂ ಅನುಮಾನ ಇದೆಯಾ?" ಇನ್‌ಸ್ಪೆಕ್ಟರ್ ಅವನನ್ನೇ ಕೇಳಿದರು.

"ಇಲ್ಲ ಮೇಡಂ. ದೂರು ಗೀರು ಬೇಡ ಅಂತಾನೇ ಹೇಳಿದ್ದೆ. ಇವಳೇ ಕೇಳಲಿಲ್ಲ."

ಚಿತ್ರದ ಮೇಸ್ಟ್ರು ತಮ್ಮ ಫೋನಿನಲ್ಲಿ ಟಿವಿ ಪರದೆಯ ಒಂದು ಚಿತ್ರ ತೆಗೆದಿಟ್ಟಿದ್ದರು. ಹೆಂಡತಿ ಅದನ್ನು ತೋರಿಸಿದಳು. ಈಗಿನದಕ್ಕಿಂತ ತೆಳ್ಳಗಿನ, ದಪ್ಪ ಮೀಸೆಯ ಯುವಕ. ಎಡ ಅಂಚಿನಲ್ಲಿ ಜರಿ ಸೀರೆಯ, ಹೂಹಾರ ತಗುಲಿದ ಬೇರೆ ಯಾರದೋ ಭುಜದ ಒಂದು ತುಣುಕು ಉಳಿದುಕೊಂಡಿತ್ತು.

"ಇದು ಯಾವಾಗಿನ ಫೋಟೋ?"

"ಹಳೇದು. ನೆನಪಿಲ್ಲ" ಎಂದ ಗಂಡ.

ಹೆಂಡತಿ ಅವನ ಮುಖ ನೋಡಿದಳು. ಆ ಫೋಟೋವನ್ನು ಅವಳೂ ಹಿಂದೆ ಕಂಡಿರಲಿಲ್ಲವೆಂದು ಇನ್‌ಸ್ಪೆಕ್ಟರ್‌ಗೆ ಅನಿಸಿತು. ಎಫ್‌ಐಆರ್ ದಾಖಲಾಯಿತು.

* * *

ಮಧ್ಯಾಹ್ನದ ಹೊತ್ತಿಗೆ ಇನ್‌ಸ್ಪೆಕ್ಟರ್ ಮತ್ತು ದಫೇದಾರರು ಕೇಬಲ್ ಸಂಸ್ಥೆಯ ಕಟ್ಟಡದಲ್ಲಿದ್ದರು. ಮಾಲೀಕ ಬೆವರು ಒರೆಸಿಕೊಳ್ಳುತ್ತಲೇ ಮಾತಾಡಿದ.

"ನಮ್ಮ ಹೆಸರು ಮಣ್ಣುಪಾಲಾಯ್ತು ಮೇಡಂ. ನನ್ನ ಮೇಲೆ ಕಣ್ಣಿಟ್ಟಿರೋ ಇನ್ನೊಂದು ಕೇಬಲ್‌ನವರದ್ದೇ ಈ ಕೆಲಸ. ಬರೆದಿಟ್ಕೊಳ್ಳಿ."

"ಬರ್ಕೊಳ್ಳೋಣ. ಮೊದಲು ನಿಮ್ಮ ಟಿವಿ ಮನೆಮನೆಗೆ ಹೇಗೆ ಹೋಗುತ್ತೆ ಅಂತ ಯಾರಾದ್ರೂ ತಿಳಿಸಿ."

ಮಾಲೀಕ ಒಳಗೆ ತಿರುಗಿ, "ಡಿಶ್ಶಣ್ಣಾ" ಎಂದು ಕೂಗಿದ. ನಲವತ್ತರ ಸಮೀಪದ ಒಬ್ಬ ಸಣಕಲು ಮನುಷ್ಯ ಬಂದು ನಿಂತ. ಸಂಸ್ಥೆಯ ಹಿರಿಯ ತಂತ್ರಜ್ಞ ಅವನು. ಮಾಳಿಗೆಯ ಮೇಲಿನ ಡಿಶ್‌ಗಳನ್ನು ಮೊದಲ ದಿನದಿಂದ ನೋಡಿಕೊಂಡವನಾದ್ದರಿಂದ ಆ ಹೆಸರೇ ಅಂಟಿಕೊಂಡು, ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಕಣ್ಣು ಕೆಂಪಗಿದ್ದವು, ನಿದ್ದೆಗೆಟ್ಟವನ ಹಾಗೆ.

ಅವನು ಅವರನ್ನು ಮಾಳಿಗೆಗೆ ಕರೆದುಕೊಂಡು ಹೋದ. ಆಳೆತ್ತರದ ಬಿಳಿ ಡಿಶ್‌ಗಳು ಆಕಾಶದ ಒಂದೊಂದು ಮೂಲೆಗೆ ಮುಖ ಮಾಡಿ ಕೂತಿದ್ದವು.

"ಚಾನೆಲ್‌ನವರು ಅವರ ಊರಿಂದ ಉಪಗ್ರಹಕ್ಕೆ ಕಳಿಸ್ತಾರೆ ಮೇಡಂ. ಅದು ಅಲ್ಲಿಂದ ಕೆಳಕ್ಕೆ ಸುರಿಯುತ್ತೆ. ನಾವು ಈ ಡಿಶ್‌ಗಳಲ್ಲಿ ಹಿಡೀತೀವಿ. ಬರೋದು ಬೀಗ ಹಾಕ್ಕೊಂಡೇ ಬರುತ್ತೆ. ಕೆಳಗಿನ ರಿಸೀವರ್‌ಗಳು ಆ ಬೀಗ ತೆಗೀತವೆ. ಆಮೇಲೆ ಎಲ್ಲ ಚಾನೆಲ್‌ನೂ ಒಂದೇ ತಂತಿಗೆ ಸೇರಿಸಿ, ನಮ್ಮದೇ ಬೀಗ ಹಾಕಿ ಊರಿಗೆ ಬಿಡ್ತೀವಿ. ಮನೇಲಿರೋ ಸೆಟ್‌ಟಾಪ್ ಬಾಕ್ಸ್ ಆ ಬೀಗದ ಕೈ ಇದ್ದ ಹಾಗೆ."

"ಸ್ಥಳೀಯ ಚಾನೆಲ್?"

"ಅದು ಆಕಾಶದಿಂದ ಬರೋದಲ್ಲ. ಕೆಳಗಿನ ಕಂಪ್ಯೂಟರ್‌ನಲ್ಲೇ ಮಾಡೋದು. ಪುಕ್ಕಟೆ ಚಾನೆಲ್, ಅದಕ್ಕೆ ಬೀಗ ಇಲ್ಲ."

ಕೆಳಗಿನ ತಣ್ಣನೆಯ ಕೋಣೆಯಲ್ಲಿ ಯಂತ್ರಗಳು ಕಪಾಟಿನಂತೆ ಸಾಲಾಗಿ ನಿಂತು ಜೇನುಗೂಡಿನ ಹಾಗೆ ಗುಂಯ್‌ಗುಡುತ್ತಿದ್ದವು. ಸ್ಥಳೀಯ ಚಾನೆಲ್‌ನಲ್ಲಿ ಹೊರಹೋದದ್ದೆಲ್ಲ ತಾನಾಗಿ ರೆಕಾರ್ಡ್ ಆಗುವ ವ್ಯವಸ್ಥೆ ಅಲ್ಲಿತ್ತು. ಬುಧವಾರ ಸಂಜೆ ಐದೂವರೆಯದನ್ನು ಹಾಕಿಸಿ ನೋಡಿದರು. ಸೋಫಾ ಮಂಚದ ಅಂಗಡಿಯ ಜಾಹೀರಾತು ಓಡುತ್ತಿತ್ತು. ಶ್ರದ್ಧಾಂಜಲಿಯ ಸುಳಿವೇ ಇರಲಿಲ್ಲ.

"ನೋಡಿದ್ರಾ" ಎಂದ ಮಾಲೀಕ, ಜೀವ ಬಂದವನಂತೆ.

"ಇಲ್ಲಿಂದ ಹೋಗಿಲ್ಲ ಅಂದ್ರೆ ದಾರೀಲಿ ಸೇರಿದೆ. ಹಾಗೆ ಸೇರಿಸೋದಕ್ಕಾಗುತ್ತಾ?" ಇನ್‌ಸ್ಪೆಕ್ಟರ್ ಡಿಶ್ಶಣ್ಣನನ್ನು ಕೇಳಿದರು.

ಅವನು ಕೈಗೆ ಸಿಕ್ಕ ಒಂದು ತಂತಿಯನ್ನು ಬೆರಳಿಂದ ನೇರ ಮಾಡಿದ.

"ಆಗುತ್ತೆ ಮೇಡಂ. ಇಲ್ಲಿಂದ ಫೈಬರ್ ಎಳೆ ಬಡಾವಣೆಗಳಿಗೆ ಹೋಗುತ್ತೆ. ಎರಡು ಮೂರು ಬೀದಿಗೊಂದು ನೋಡ್ ಪೆಟ್ಟಿಗೆ, ತಂತಿ ಕವಲೊಡೆಯೋ ಜಾಗ. ಅಲ್ಲಿಂದ ತಾಮ್ರದ ಕೇಬಲ್ ಮನೆಮನೆಗೆ. ಆ ಪೆಟ್ಟಿಗೇಲಿ ನಮ್ಮ ಸ್ಥಳೀಯ ಚಾನೆಲ್ ಒಂದನ್ನೇ ತಡೆಯೋ ಫಿಲ್ಟರ್ ಹಾಕಿ, ಅದೇ ಜಾಗಕ್ಕೆ ಸಣ್ಣ ಮಾಡ್ಯುಲೇಟರ್‌ನಿಂದ ಬೇರೆ ಚಿತ್ರ ಬಿಟ್ರೆ, ಅಲ್ಲಿಂದ ಮುಂದಿನ ಮನೆಯವರಿಗೆ ಅದೇ ಕಾಣುತ್ತೆ. ಬೀಗ ಇಲ್ಲದ ಚಾನೆಲ್ ಅಲ್ವಾ, ಬಾಕ್ಸ್‌ಗೆ ವ್ಯತ್ಯಾಸ ತಿಳಿಯಲ್ಲ."

ಎಲ್ಲವನ್ನೂ ಅವನು ಮುಚ್ಚುಮರೆಯಿಲ್ಲದೆ ಹೇಳಿದ. ಹೇಳುವಾಗ ಒಮ್ಮೆಯೂ ಮುಖ ಕೊಟ್ಟು ಮಾತಾಡಲಿಲ್ಲ.

* * *

ಶುಕ್ರವಾರ ಪೇದೆಗಳು ಹಳೆ ಬಡಾವಣೆಯಲ್ಲಿ ಮನೆಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಿದರು. ಬುಧವಾರ ಸಂಜೆ ನೀವು ಅದನ್ನು ನೋಡಿದಿರಾ? ಉತ್ತರಗಳನ್ನು ಒಟ್ಟು ಮಾಡಿದಾಗ ಚಿತ್ರ ಸ್ಪಷ್ಟವಾಯಿತು. ಎರಡು ಬೀದಿ ಮತ್ತು ಅವುಗಳ ನಡುವಿನ ಓಣಿಯಲ್ಲಿ ಟಿವಿ ಹಾಕಿಕೊಂಡಿದ್ದವರೆಲ್ಲ ನೋಡಿದ್ದರು. ಓಣಿ ದಾಟಿ ಆಚೆ ಯಾರೂ ನೋಡಿರಲಿಲ್ಲ. ಅದೇ ಬೀದಿಯಲ್ಲಿ ತಾರಸಿಯ ಮೇಲೆ ಸ್ವಂತ ಪುಟ್ಟ ಡಿಶ್ ಇಟ್ಟುಕೊಂಡ ಮನೆಯವರಿಗೂ ಏನೂ ಗೊತ್ತಿರಲಿಲ್ಲ. ಅವರ ಮನೆಗೆ ಚಾನೆಲ್ ನೇರ ಆಕಾಶದಿಂದ ಇಳಿಯುತ್ತಿತ್ತು.

ಆ ಎರಡು ಬೀದಿಗೂ ಒಂದೇ ನೋಡ್ ಪೆಟ್ಟಿಗೆ. ಲಾಂಡ್ರಿ ಅಂಗಡಿಯ ಪಕ್ಕದ ಗೋಡೆಗೆ ಬಿಗಿದಿತ್ತು. ಲಾಂಡ್ರಿಯವನನ್ನೂ ಎದುರು ಮನೆಯವರನ್ನೂ ಪಂಚರನ್ನಾಗಿ ನಿಲ್ಲಿಸಿಕೊಂಡು ಪಂಚನಾಮೆ ಶುರುವಾಯಿತು. ಡಿಶ್ಶಣ್ಣನೇ ಬಂದು ಮುಚ್ಚಳ ಬಿಚ್ಚಿದ. ಫಿಲ್ಟರ್ ಆಗಲಿ ಬೇರೆ ಯಂತ್ರವಾಗಲಿ ಇರಲಿಲ್ಲ. ಆದರೆ ಹಳೆಯ ತುಕ್ಕಿನ ಜೋಡಣೆಗಳ ನಡುವೆ ಒಂದು ಮಾತ್ರ ಹೊಸದಾಗಿ ಹೊಳೆಯುತ್ತಿತ್ತು. ಅದರ ಸುತ್ತ ನೀರು ಇಳಿಯದ ಹಾಗೆ ರಬ್ಬರ್ ಟೇಪನ್ನು ಒಂದು ಸುಕ್ಕೂ ಇಲ್ಲದೆ ಸುತ್ತಲಾಗಿತ್ತು.

"ಬುಧವಾರ ಇಲ್ಲಿ ಯಾರಾದ್ರೂ ಕೆಲಸ ಮಾಡಿದ್ದು ನೋಡಿದ್ರಾ?" ದಫೇದಾರರು ಲಾಂಡ್ರಿಯವನನ್ನು ಕೇಳಿದರು.

"ಕೇಬಲ್‌ನವರು ಒಬ್ರು ಏಣಿ ಹಾಕಿದ್ರು ಸಾರ್. ಯಾರು ಅಂತ ನೋಡ್ಲಿಲ್ಲ. ಇಸ್ತ್ರಿ ಕಾದಿತ್ತು, ಬಟ್ಟೆ ಬಿಟ್ಟು ತಲೆ ಎತ್ತೋ ಹಾಗಿರಲಿಲ್ಲ."

ಜೀಪಿನಲ್ಲಿ ಕೂತ ಮೇಲೆ ದಫೇದಾರರು ಹೇಳಿದರು, "ಎದುರಾಳಿ ಕೇಬಲ್‌ನವರೇ ಇರ್ಬೇಕು ಮೇಡಂ. ಒಬ್ಬೊಬ್ಬರನ್ನೇ ಕರೆಸಿ ಬಿಸಿ ಮುಟ್ಟಿಸೋಣ."

"ಹಾಳು ಮಾಡೋಕೆ ಬಂದವನು ಮಳೆನೀರು ಇಳೀದ ಹಾಗೆ ಟೇಪ್ ಸುತ್ತಿ ಹೋಗ್ತಾನಾ?" ಎಂದರು ಇನ್‌ಸ್ಪೆಕ್ಟರ್. "ಈ ತಂತಿ ಕೆಟ್ಟರೆ ನಾಳೆ ತಾನೇ ಬಂದು ಸರಿ ಮಾಡ್ಬೇಕು ಅಂತ ಗೊತ್ತಿದ್ದವನ ಕೆಲಸ ಇದು."

* * *

ಶನಿವಾರ ಇನ್‌ಸ್ಪೆಕ್ಟರ್ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಹೋದರು. ಹುಡುಗಿಯ ಕಾಲನ್ನು ತೂಗುಹಾಕಿದ್ದರು. ಶಸ್ತ್ರಚಿಕಿತ್ಸೆ ಆಗಿತ್ತು. ನಡೆಯುತ್ತಾಳೆ, ಸ್ವಲ್ಪ ಕುಂಟು ಉಳಿದರೂ ಉಳಿಯಬಹುದು ಎಂದು ಡಾಕ್ಟರ್ ಹೇಳಿದ್ದರು. ಮಗು ನಡೆದದ್ದನ್ನೆಲ್ಲ ಹೇಳಿ ಕೊನೆಗೆ, "ಆಂಟಿ, ಟಿವೀಲಿ ಬಂದಿದ್ದು ಸುಳ್ಳು ಇರುತ್ತಾ?" ಎಂದು ಕೇಳಿತು. ಇನ್‌ಸ್ಪೆಕ್ಟರ್ ಅದರ ಜಾರಿದ ಹೊದಿಕೆಯನ್ನು ಮೇಲಕ್ಕೆಳೆದು ಸರಿಮಾಡಿದರು.

ಗೋಡೆಯ ಟಿವಿಯಲ್ಲಿ ಕಾರ್ಟೂನು ಓಡುತ್ತಿತ್ತು. ನರ್ಸಮ್ಮ ಔಷಧಿಯ ತಟ್ಟೆ ಹಿಡಿದು ಬಂದವರು ತಾವಾಗಿಯೇ ಮಾತು ತೆಗೆದರು.

"ಇದು ಕೆಟ್ಟು ಎಷ್ಟೋ ತಿಂಗಳಾಗಿತ್ತು. ನಿನ್ನೆ ಕೇಬಲ್‌ನವನೊಬ್ಬ ತಾನಾಗೇ ಬಂದು ಹೊಸ ತಂತಿ ಎಳೆದು ಕೊಟ್ಟ. ಯಾರು ಹೇಳಿದ್ರಪ್ಪಾ ಅಂದ್ರೆ ಬಾಯೇ ಬಿಡ್ಲಿಲ್ಲ. ಹೋಗೋವಾಗ ಈ ಮಗು ಕಾಲು ಸರಿಹೋಗುತ್ತಾ ಅಂತ ಕೇಳ್ದ. ಬಾಗಿಲ ತನಕ ಹೋಗಿ ವಾಪಸ್ ಬಂದು ಮತ್ತೆ ಅದನ್ನೇ ಕೇಳ್ದ."

"ನೋಡೋದಕ್ಕೆ ಹೇಗಿದ್ದ?"

"ಸಣಕಲು. ಎಲ್ಲಿ ಅತ್ತುಬಿಡ್ತಾನೋ ಅನ್ನೋ ಹಾಗಿದ್ದ."

ಇನ್‌ಸ್ಪೆಕ್ಟರ್ ಹೊರಗೆ ಬಂದು ಕನ್ನಡಕದ ಅಂಗಡಿಯವನನ್ನು ಕಾರಿಡಾರಿನ ತುದಿಗೆ ಕರೆದರು. ಹೆಂಡತಿ ಔಷಧಿ ತರಲು ಹೋಗಿದ್ದಳು.

"ಈ ಭುಜ ಯಾರದು?" ಫೋನಿನ ಚಿತ್ರ ಅವನ ಮುಂದೆ ಹಿಡಿದರು.

"ಗೊತ್ತಿಲ್ಲ."

"ಇದು ಮದುವೆ ಫೋಟೋ. ನಿಮ್ಮ ಹೆಂಡತಿ ಇದನ್ನ ಈ ಮೊದಲು ನೋಡೇ ಇಲ್ಲ. ನಾನು ಅವರ ಮುಂದೆ ಕೇಳ್ಲಾ, ಇಲ್ಲೇ ಹೇಳ್ತೀರಾ?"

ಅವನು ಗೋಡೆಗೆ ಒರಗಿಕೊಂಡ.

"ನನಗೆ ಮೊದಲು ಒಂದು ಮದುವೆ ಆಗಿತ್ತು ಮೇಡಂ. ಒಂದೂವರೆ ವರ್ಷ ಜೊತೆಗಿದ್ವಿ. ಹೊಂದಿಕೆ ಆಗ್ಲಿಲ್ಲ. ಬೇರೆ ಊರಲ್ಲಿ ಕೆಲಸ ಸಿಕ್ತು ಅಂತ ಹೇಳಿ ಹೊರಟವನು ವಾಪಸ್ ಹೋಗ್ಲಿಲ್ಲ."

"ವಿಚ್ಛೇದನ?"

ತಲೆಯಾಡಿಸಿದ, ಇಲ್ಲವೆಂದು.

"ಆಕೆ ಎಲ್ಲಿದಾರೆ?"

"ಆ ಹಳೆ ಬಡಾವಣೇಲೇ. ಅಣ್ಣನ ಮನೇಲಿ. ನಾನು ಈ ಊರಿಗೇ ತಿರುಗಿ ಬಂದ ಮೇಲೆ ಆ ಕಡೆ ಒಂದು ಸಲಾನೂ ಕಾಲಿಟ್ಟಿಲ್ಲ. ಮಗಳು ಅಲ್ಲಿಗೆ ಚಿತ್ರ ಕಲಿಯೋಕೆ ಹೋಗ್ತೀನಿ ಅಂದಾಗ ಬೇಡ ಅನ್ನೋಕೆ ಕಾರಣ ಹೇಳ್ಬೇಕಲ್ಲ."

"ಅವರಣ್ಣ ಏನು ಕೆಲಸ?"

"ಕೇಬಲ್‌ನಲ್ಲಿದ್ದ."

* * *

ಅಂದು ಮಧ್ಯಾಹ್ನ ಇನ್‌ಸ್ಪೆಕ್ಟರ್ ನರ್ಸಮ್ಮನಿಗೆ ಹೇಳಿ ವಾರ್ಡಿನ ಟಿವಿಯ ತಂತಿ ಕಿತ್ತಿಡಿಸಿದರು. ಮಕ್ಕಳ ಟಿವಿ ಮತ್ತೆ ಕೆಟ್ಟಿದೆ ಎಂದು ಕೇಬಲ್ ಕಚೇರಿಗೆ ಫೋನು ಹೋಯಿತು. ಡಿಶ್ಶಣ್ಣ ಓಡೋಡಿ ಬಂದ. ಬಾಗಿಲಲ್ಲಿ ಇನ್‌ಸ್ಪೆಕ್ಟರ್ ಅವರನ್ನು ಕಂಡು ಅವನ ಹೆಜ್ಜೆ ನಿಧಾನವಾಯಿತು. ಆದರೂ ಒಳಗೆ ಹೋಗಿ ತಂತಿ ಜೋಡಿಸಿದ. ಕೆಟ್ಟಿರಲಿಲ್ಲ, ಬೇಕೆಂದೇ ಕಿತ್ತಿದ್ದಾರೆ ಎಂಬುದು ಅವನಿಗೆ ತಿಳಿಯದೆ ಇರಲು ಸಾಧ್ಯವಿರಲಿಲ್ಲ.

"ಅಂಕಲ್" ಎಂದಿತು ಮಗು. "ನಮ್ಮನೆಗೂ ನೀವೇ ಅಲ್ವಾ ಟಿವಿ ಹಾಕೋಕೆ ಬಂದಿದ್ದು? ನಾನು ನಿಮಗೆ ನೀರು ಕೊಟ್ಟಿದ್ದೆ."

ಡಿಶ್ಶಣ್ಣನ ಕೈ ತಂತಿಯ ಮೇಲೇ ನಿಂತಿತು.

"ಹೌದು ಪುಟ್ಟಾ."

"ಎರಡು ಲೋಟ ಕುಡಿದ್ರಿ."

ಅವನು ಇನ್‌ಸ್ಪೆಕ್ಟರ್ ಕಡೆ ತಿರುಗಿದ. "ಹೊರಗೆ ಹೋಗೋಣ ಮೇಡಂ" ಎಂದ.

ಉದ್ದೇಶ ಫಲಿಸಿತ್ತು. ಆದರೆ ಅವನ ಹಿಂದೆ ನಡೆಯುತ್ತ ಇನ್‌ಸ್ಪೆಕ್ಟರ್‌ಗೆ ಅದು ಹಿತವೆನಿಸಲಿಲ್ಲ. ಕಾಲು ಮುರಿದುಕೊಂಡು ಮಲಗಿದ ಮಗುವನ್ನು ಒಂದು ಮೀಟುಗೋಲಿನ ಹಾಗೆ ಬಳಸಿಕೊಂಡಿದ್ದರು. ಅದೂ ಟಿವಿ ಕೆಟ್ಟಿದೆ ಎಂಬ ಇನ್ನೊಂದು ಸುಳ್ಳು ಹೇಳಿ. ಕಾರಿಡಾರಿನ ತುದಿಯಲ್ಲಿ ಅವನ ಮುಂದೆ ಕುರ್ಚಿ ಎಳೆದುಕೊಂಡು ಕೂತಾಗ ಪ್ರಶ್ನೆಗಳು ಎಂದಿನ ಬಿರುಸಿನಲ್ಲಿ ಬರಲಿಲ್ಲ.

"ನೀವೇನಾ?"

"ನಾನೇ."

"ಯಾಕೆ?"

"ಆ ಸಂಬಂಧ ತಂದೋನು ನಾನು ಮೇಡಂ. ತಂಗಿ ಓದ್ತೀನಿ ಅಂದಳು. ಹುಡುಗ ಒಳ್ಳೇವನು, ಕೈ ತಪ್ಪಿಸ್ಕೋಬೇಡ ಅಂತ ದುಂಬಾಲು ಬಿದ್ದು ಒಪ್ಪಿಸ್ದೆ. ಅವನು ಬಿಟ್ಟುಹೋದ. ಬರ್ತಾನೆ, ಬರ್ತಾನೆ ಅಂತ ಇವಳು ಹನ್ನೆರಡು ವರ್ಷದಿಂದ ಹೇಳ್ತಾನೇ ಇದಾಳೆ. ಬೇರೆ ಮದುವೆ ಮಾತೆತ್ತಿದ್ರೆ ಎದ್ದುಹೋಗ್ತಾಳೆ. ಹೋದ ವರ್ಷ ಆ ಕಡೆ ಒಂದು ಹೊಸ ಕನೆಕ್ಷನ್ ಕೊಡೋಕೆ ಹೋದೆ. ಈ ಮಗು ಬಾಗಿಲು ತೆಗೀತು. ಗೋಡೆ ಮೇಲೆ ಅವನ ಫೋಟೋ, ಹೆಂಡ್ತಿ ಜೊತೆ. ಅವನು ಮನೇಲಿರಲಿಲ್ಲ. ನಾನು ತಂತಿ ಎಳೆದು, ಚಿತ್ರ ಬರುತ್ತಾ ನೋಡಿ, ನೀರು ಕುಡಿದು ಬಂದೆ."

"ತಂಗಿಗೆ ಹೇಳಲಿಲ್ಲ."

"ಬಾಯಿ ಬರ್ಲಿಲ್ಲ. ನಿನ್ನ ಜೀವನ ಹಾಳು ಮಾಡಿದವನ ಮನೆಗೆ ನಾನೇ ಟಿವಿ ಹಾಕಿಕೊಟ್ಟು ಬಂದೆ ಅಂತ ಯಾವ ಬಾಯಲ್ಲಿ ಹೇಳ್ಲಿ? ಅವನು ಸತ್ತ ಅಂತಾದ್ರೆ ಕಾಯೋದು ಬಿಡ್ತಾಳೆ ಅನ್ನಿಸ್ತು. ದಿನಾ ಅದನ್ನೇ ಯೋಚಿಸಿ ಯೋಚಿಸಿ ಅದೇ ಸರಿ ಅನ್ನಿಸೋಕೆ ಶುರುವಾಯ್ತು."

"ನಿಮ್ಮನೆ ತಂತಿ ಒಂದಕ್ಕೇ ಹಾಕಬಹುದಿತ್ತಲ್ಲ?"

"ಪಕ್ಕದ ಮನೇಲಿ ಕೇಳ್ತಾಳೆ. ನಾವು ನೋಡ್ಲಿಲ್ಲ ಅಂದ್ರೆ ಮುಗೀತು. ಬೀದಿ ನಂಬಿದ್ರೆ ಅವಳೂ ನಂಬ್ತಾಳೆ. ಮಗು ಆ ಬೀದಿಗೆ ಬರ್ತಿತ್ತು ಅಂತ ನನಗೆ..." ಅವನು ಹೆಗಲ ಚೀಲವನ್ನು ಕಾಲಿನ ಹತ್ತಿರ ಇಳಿಸಿದ. "ವ್ಯಾನ್ ಬಡಿದ ಸದ್ದು ಏಣಿ ಮೇಲಿದ್ದಾಗಲೇ ಕೇಳಿಸ್ತು ಮೇಡಂ. ಯಾರು ಅಂತ ನೋಡೋಕೆ ಇಳೀಲಿಲ್ಲ. ಮೊದಲು ಟೇಪ್ ಸುತ್ತಿ ಮುಗಿಸ್ದೆ" ಎಂದ.

ಅವನ ಕೆಲಸದ ಚೀಲದಿಂದ ಮಾಡ್ಯುಲೇಟರ್, ಫಿಲ್ಟರ್ ಮತ್ತು ಒಂದು ಹಳೆಯ ಲ್ಯಾಪ್‌ಟಾಪ್ ಪಂಚರ ಸಮಕ್ಷಮ ವಶವಾದವು. ಸಂಜೆ ನಾಲ್ಕರ ಹೊತ್ತಿಗೆ ಬಂಧನ ದಾಖಲಾಯಿತು.

* * *

ತಂಗಿ ಭಾನುವಾರ ಬೆಳಿಗ್ಗೆ ತಾನಾಗಿಯೇ ಠಾಣೆಗೆ ಬಂದಳು. ಮುದ್ರಣಾಲಯದಲ್ಲಿ ಪುಸ್ತಕ ಹೊಲಿದು ಅಂಟಿಸುವ ಕೆಲಸ ಅವಳದು. ಬೆರಳ ತುದಿಗಳಲ್ಲಿ ಒಣಗಿದ ಗೋಂದು ಕಾಣುತ್ತಿತ್ತು. ಅವಳಿಗೆ ವಿಷಯವನ್ನು ಹೇಗೆ ತಿಳಿಸಬೇಕೆಂದು ಇನ್‌ಸ್ಪೆಕ್ಟರ್ ರಾತ್ರಿಯೆಲ್ಲ ಲೆಕ್ಕ ಹಾಕಿದ್ದರು. ನೀರು ತರಿಸಿ ಮುಂದಿಟ್ಟು, ತಗ್ಗಿದ ದನಿಯಲ್ಲಿ ಶುರು ಮಾಡಿದರು.

"ನಿಮ್ಮ ಗಂಡ..."

"ಬದುಕಿದಾನೆ. ಗೊತ್ತು ಮೇಡಂ. ಬಸ್ ನಿಲ್ದಾಣದ ಹತ್ರ ಕನ್ನಡಕದ ಅಂಗಡಿ."

ದಫೇದಾರರು ಬರೆಯುತ್ತಿದ್ದ ಕೈ ನಿಲ್ಲಿಸಿದರು.

"ಆರು ವರ್ಷದ ಹಿಂದೆ ಸೂಜಿಗೆ ದಾರ ಪೋಣಿಸೋಕೆ ಕಣ್ಣು ಮಂಜಾಗೋಕೆ ಶುರುವಾಯ್ತು. ಕನ್ನಡಕ ಮಾಡಿಸ್ಕೊಳ್ಳೋಣ ಅಂತ ಹೋದೆ. ಗಾಜಿನ ಬಾಗಿಲ ಆಚೆ ಅವನು ಕೂತಿದ್ದ. ತೊಡೆ ಮೇಲೆ ಮಗು. ಹಾಗೇ ತಿರುಗಿ ಬಂದೆ."

"ಮತ್ತೆ ಬರ್ತಾನೆ ಬರ್ತಾನೆ ಅಂತ ಅಣ್ಣನಿಗೆ..."

"ಅಣ್ಣನಿಗೋಸ್ಕರಾನೇ ಹೇಳ್ತಿದ್ದದ್ದು. ಅವನಿಗೆ ನಾನು ಅಂದ್ರೆ ಪ್ರಾಣ. ಬರೋದಿಲ್ಲ ಅಂತ ನಾನು ಒಂದು ಸಲ ಅಂದಿದ್ರೆ, ಎಲ್ಲ ನನ್ನಿಂದಾನೇ ಅಂತ ಊಟ ಬಿಡ್ತಿದ್ದ. ಕಾಯ್ತಿದೀನಿ ಅಂದ್ರೆ ಇನ್ನೂ ಏನೋ ಉಳಿದಿದೆ ಅಂತಾದ್ರೂ ಇರ್ತಾನೆ ಅಂದ್ಕೊಂಡೆ. ಅದೇ ಅವನನ್ನ ಒಳಗೊಳಗೇ ತಿಂತಿತ್ತು ಅಂತ ಹೊಳೀಲೇ ಇಲ್ಲ."

"ಬುಧವಾರ ಟಿವಿ ನೋಡಿದಾಗ?"

"ಫೋಟೋ ನೋಡಿದ ಕೂಡ್ಲೇ ಗೊತ್ತಾಯ್ತು. ಅದಿರೋದು ನಮ್ಮನೆ ಪೆಟ್ಟಿಗೇಲಿ, ಅರ್ಧಕ್ಕೆ ನಾನೂ ಇದೀನಿ. ಬೀದಿ ಹೆಂಗಸರೆಲ್ಲ ಬಂದು ಕೂತ್ರು. ಆಮೇಲೆ ಅಣ್ಣ ಬಂದ. ಬಾಗಿಲಲ್ಲೇ ನಿಂತು ನನ್ನ ಮುಖಾನೇ ನೋಡ್ತಿದ್ದ." ಅವಳು ಬೆರಳಿನ ಗೋಂದನ್ನು ಉಗುರಿನಿಂದ ಕೆರೆದಳು. "ಅವನಿಗೆ ಬೇಕಾಗಿತ್ತಲ್ಲ ಅಂತ ಅತ್ತೆ ಮೇಡಂ. ಚೆನ್ನಾಗೇ ಅತ್ತೆ. ಅದೇ ಹೊತ್ತಿಗೆ ಆ ಕಡೆ ರಸ್ತೇಲಿ ಮಗೂನ ಎತ್ಕೊಂಡು ಹೋಗ್ತಿದ್ರಂತೆ."

ದಫೇದಾರರು ಅಷ್ಟನ್ನೂ ಬರೆದುಕೊಂಡರು. ಗಂಡನ ಎರಡನೇ ಮದುವೆಯ ಬಗ್ಗೆ ಅವಳು ಪ್ರತ್ಯೇಕ ದೂರು ಕೊಡಬಹುದೆಂದು ಇನ್‌ಸ್ಪೆಕ್ಟರ್ ತಿಳಿಸಿದರು.

"ಮೊದಲು ಆ ಮಗು ಎದ್ದು ನಡೀಲಿ. ಆಮೇಲೆ ನೋಡೋಣ" ಎಂದಳು. ಎದ್ದು ನಿಂತವಳು ಮತ್ತೆ ಕೂತಳು. "ನನಗೆ ಮೊದಲೇ ಗೊತ್ತಿತ್ತು ಅನ್ನೋದನ್ನ ಅಣ್ಣನಿಗೆ ಹೇಳ್ಬೇಡಿ."

"ನಿಮ್ಮ ಹೇಳಿಕೆ ಬರ್ಕೊಂಡಿದೀವಿ. ಮುಂದೆ ವಿಚಾರಣೆ ನಡೆಯೋವಾಗ ಕೋರ್ಟಲ್ಲಿ ಅವನ ಮುಂದೇನೇ ಓದ್ತಾರೆ. ಬೇರೆಯವರ ಬಾಯಿಂದ ಕೇಳ್ತಾನೆ" ಎಂದರು ಇನ್‌ಸ್ಪೆಕ್ಟರ್. ಆ ಸಾಲನ್ನು ಬಿಟ್ಟುಬಿಡುವ ಅಧಿಕಾರ ತಮಗಿಲ್ಲದ್ದಕ್ಕೆ ಅವರಿಗೆ ಆ ಕ್ಷಣ ನಾಚಿಕೆಯೆನಿಸಿತು.

ಅವಳು ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದಳು. "ಹಾಗಾದ್ರೆ ನಾನೇ ಹೇಳ್ತೀನಿ."

ದಫೇದಾರರು ಅವಳನ್ನು ಲಾಕಪ್ಪಿನ ಹತ್ತಿರ ಬಿಟ್ಟು ಬಂದರು. ಇನ್‌ಸ್ಪೆಕ್ಟರ್ ಕೇಸ್ ಡೈರಿ ಮುಂದಿಟ್ಟುಕೊಂಡು, ಆರೋಪಿಯ ಉದ್ದೇಶದ ಎದುರು 'ತಂಗಿ ಗಂಡನಿಗಾಗಿ ಕಾಯುವುದನ್ನು ನಿಲ್ಲಿಸುವುದು' ಎಂದು ಬರೆದರು. ಓದಿ ನೋಡಿದರು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಬಾಗಿಲ ಸಂದಿಯಿಂದ ಲಾಕಪ್ಪಿನ ಸರಳು ಕಾಣುತ್ತಿತ್ತು. ತಂಗಿ ಈಚೆ ನೆಲದ ಮೇಲೆ ಕೂತು ತಗ್ಗಿದ ದನಿಯಲ್ಲಿ ಏನೋ ಹೇಳುತ್ತಿದ್ದಳು. ಅಣ್ಣ ಮೊದಮೊದಲು ತಲೆ ಅಲ್ಲಾಡಿಸುತ್ತಿದ್ದ, ಅದು ಹಾಗಲ್ಲ, ಹಾಗಲ್ಲ ಎನ್ನುವಂತೆ. ಆಮೇಲೆ ತಲೆ ಅಲ್ಲಾಡಿಸುವುದೂ ನಿಂತಿತು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವಳು ಸರಳಿನ ಸಂದಿಯಿಂದ ಕೈ ತೂರಿಸಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.

ಭೇಟಿಯ ಹೊತ್ತು ಮುಗಿದಿದೆ ಎಂದು ಹೇಳಲು ಪೇದೆ ಎದ್ದ. ಇನ್‌ಸ್ಪೆಕ್ಟರ್ ಅವನಿಗೆ ಕೂತಿರುವಂತೆ ಸನ್ನೆ ಮಾಡಿದರು.